ನೋಡಿಲ್ಲ

ಅನೀಸನ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಅದು ಅವನ ಸಾಫ್ಟ್‌ವೇರ್ ಕಂಪನಿಯ ಮಾಲೀಕ ರವಿಶಂಕರನ ಮನೆಯಲ್ಲಿ, ಆಫೀಸು ಕೋಣೆಯ ಕಬ್ಬಿಣದ ಡ್ರಾಯರಿನಲ್ಲಿ, ಬೇರೆ ಹುಡುಗರ ಪಾಸ್‌ಪೋರ್ಟುಗಳ ಜೊತೆ ಒಂದೇ ರಬ್ಬರ್ ಬ್ಯಾಂಡಿನೊಳಗೆ ಇತ್ತು. ವೀಸಾ ಮುಂದುವರಿಸಲು ವಕೀಲರಿಗೆ ಬೇಕು ಎಂದು ಏಪ್ರಿಲಿನಲ್ಲಿ ತೆಗೆದುಕೊಂಡದ್ದು. ವಕೀಲರ ಕೆಲಸ ಜೂನಿನಲ್ಲೇ ಮುಗಿದಿತ್ತು. ಈಗ ಅಕ್ಟೋಬರ್. ನಾಳೆ ಬೆಳಿಗ್ಗೆ ಸೌತ್‌ಫೀಲ್ಡಿನ ಒಂದು ಆಫೀಸಿನಲ್ಲಿ ಅದನ್ನು ತೋರಿಸಬೇಕಿತ್ತು. ಅಲ್ಲಿಯವರು ಕೆಲಸ ಕೊಡಲು ಒಪ್ಪಿದ್ದರು, ವೀಸಾವನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲೂ ಒಪ್ಪಿದ್ದರು. ಆದರೆ ಮೂಲ ಪಾಸ್‌ಪೋರ್ಟ್ ಬೇಕು, ದೇಶದೊಳಗೆ ಬಂದಾಗ ಕೊಟ್ಟು ಒಳಗೆ ಪಿನ್ ಹೊಡೆದ ಬಿಳಿಯ ಚೀಟಿ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ನಿಮ್ಮ ಬಳಿ ಇದೆ ತಾನೆ ಎಂದು ಫೋನಿನಲ್ಲಿ ಆ ಹೆಂಗಸು ಕೇಳಿದಾಗ ಅನೀಸ 'ಆಫ್ ಕೋರ್ಸ್' ಎಂದಿದ್ದ. ಹಾಗೆಂದ ಮೇಲೆ ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಕೈ ತೊಳೆದುಕೊಂಡಿದ್ದ. ಯಾಕೆ ತೊಳೆದುಕೊಂಡನೋ ಅವನಿಗೇ ಗೊತ್ತಿರಲಿಲ್ಲ. ಶುಕ್ರವಾರ ರವಿಶಂಕರನಿಗೆ ಫೋನ್ ಮಾಡಿ ಕೇಳಿದ್ದ. 'ಯಾಕೋ, ಮತ್ತೆ ಕೆನಡಾಗೆ ಹೋಗ್ಬೇಕಾ?' ಎಂದು ರವಿಶಂಕರ ನಕ್ಕು, ಭಾನುವಾರ ಊಟಕ್ಕೆ ಬಾ ಎಂದಿದ್ದ.

ಕಾರು ಅನೀಸನೇ ಓಡಿಸುತ್ತಿದ್ದ. ಪಕ್ಕದಲ್ಲಿ ಶರಣಪ್ಪ ಕೂತಿದ್ದ. ರಾಯಚೂರಿನ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಈಗ ಸ್ಟರ್ಲಿಂಗ್ ಹೈಟ್ಸ್‌ನ ಅಪಾರ್ಟ್‌ಮೆಂಟಿನಲ್ಲೂ ಒಂದೇ ಕೋಣೆ, ಒಬ್ಬನೇ ಮಾಲೀಕ. ಶರಣಪ್ಪ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದ. ದಿನಾ ಬೆಳಿಗ್ಗೆ ಅವನು ಕೋಣೆಯ ಮೂಲೆಯಲ್ಲಿ ಟವೆಲ್ ಹಾಸಿ ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುವಾಗ ಅನೀಸ ಟಿವಿ ಹಾಕುತ್ತಿರಲಿಲ್ಲ, ಚಹಾದ ಪಾತ್ರೆಯನ್ನೂ ಸದ್ದಾಗದಂತೆ ಇಡುತ್ತಿದ್ದ. ಇದನ್ನು ಅವರಿಬ್ಬರೂ ಎಂದೂ ಮಾತಾಡಿಕೊಂಡಿರಲಿಲ್ಲ.

'ಎಲ್ಲಾರ ಮುಂದ ಕೇಳಬ್ಯಾಡ,' ಶರಣಪ್ಪ ಹೇಳಿದ. 'ಒಬ್ರ ಇದ್ದಾಗ ಕೇಳು.'

'ಒಬ್ರ ಇದ್ದಾಗ ಕೇಳಿದೆ. ನಕ್ರು.'

'ನಗಲಿ ತಗೋ. ನಕ್ಕ ಮ್ಯಾಲ ಕೊಡ್ತಾರ.'

'ಯಾರಿಗಾರ ಕೊಟ್ಟಾರೇನು ಇಲ್ಲೀತನಕ?'

ಶರಣಪ್ಪ ಕಿಟಕಿಯಾಚೆ ನೋಡಿದ. ಎರಡೂ ಕಡೆ ಕಾರಿನ ಬಿಡಿಭಾಗಗಳ ಕಾರ್ಖಾನೆಗಳು, ಭಾನುವಾರದ ಖಾಲಿ ಪಾರ್ಕಿಂಗ್ ಲಾಟುಗಳು. ಮುಂದೆ ಹೆದ್ದಾರಿಯ ಹಸಿರು ಬೋರ್ಡು ಕಂಡಿತು, ಅನೀಸನ ಕೈ ಸ್ಟೀರಿಂಗ್ ಮೇಲೆ ಬಿಗಿಯಿತು. ಮೇ ತಿಂಗಳಿನಿಂದ ಯಾವ ಹಸಿರು ಬೋರ್ಡು ಕಂಡರೂ ಹೀಗೇ. ಈ ಊರು ಗಡಿಯ ಊರು. ಡೌನ್‌ಟೌನಿನ ನದಿಯ ಆಚೆ ದಡ ಬೇರೆ ದೇಶ. ಒಂದು ಲೇನ್ ತಪ್ಪಿದರೆ ಮುಗಿಯಿತು, ವಾಪಸು ತಿರುಗಲು ಜಾಗವಿಲ್ಲ, ಸೇತುವೆ ಹತ್ತಲೇಬೇಕು. ಮೇ ತಿಂಗಳ ಆ ದಿನ ಅವನು ಬಸ್ ಸ್ಟೇಷನ್ನಿಗೆ ಹೊರಟಿದ್ದ. ಶಿಕಾಗೋ ಕಡೆಯ ವೆಸ್ಟ್‌ಮಂಟಿನಲ್ಲಿ ಪ್ರಾಜೆಕ್ಟ್ ಮುಗಿಸಿ ಶರಣಪ್ಪ ಬಸ್ಸಿನಲ್ಲಿ ಬರುತ್ತಿದ್ದ. ಮುಂದಿನ ಲಾರಿಯ ಹಿಂದೆಯೇ ಹೋದ ಅನೀಸ, ಲಾರಿ ಪಕ್ಕಕ್ಕೆ ಸರಿದಾಗ ನೋಡುತ್ತಾನೆ, ಕೆಳಗೆ ನೀರು. ಕೆನಡಾದವರು ಸಭ್ಯವಾಗಿಯೇ ತಿರುಗಿಸಿ ಕಳಿಸಿದರು. ಈ ಕಡೆಯವರು ಕೂರಿಸಿಕೊಂಡರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ವಿಮಾನಗಳು ಕಟ್ಟಡಗಳಿಗೆ ನುಗ್ಗಿದ್ದು ಇನ್ನೂ ಯಾರಿಗೂ ಹಳೆಯದಾಗಿರಲಿಲ್ಲ. ಹೆಸರು ಏನು, ಅಪ್ಪನ ಹೆಸರು ಏನು, ಪಾಸ್‌ಪೋರ್ಟ್ ಎಲ್ಲಿ, ನಿನ್ನ ಪಾಸ್‌ಪೋರ್ಟ್ ನಿನ್ನ ಮಾಲೀಕನ ಹತ್ತಿರ ಯಾಕಿದೆ. ವಕೀಲರಿಗೆ ಬೇಕಿತ್ತು ಎಂದ, ಅದನ್ನು ಬರೆದುಕೊಂಡರು. ಹೊಸಪೇಟೆಯಲ್ಲಿ ಅವನಪ್ಪ ಸೈಕಲ್ ಅಂಗಡಿ ಇಟ್ಟಿದ್ದ, ಆ ಸಂಗತಿಯನ್ನೂ ಅವರು ಬರೆದುಕೊಂಡರು. ರವಿಶಂಕರ ಪಾಸ್‌ಪೋರ್ಟ್ ಹಿಡಿದು ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅಧಿಕಾರಿ ಅದನ್ನು ಹಿಂದುಮುಂದು ತಿರುಗಿಸುತ್ತ, ಒಳಗಿನ ಹಿಂಬದಿಯ ಪುಟ ತೆರೆದಿಟ್ಟುಕೊಂಡು ಯಾರಿಗೋ ಫೋನ್ ಮಾಡಿ ಕಾಯುತ್ತ ಕೂತ. ಎದುರಿಗೆ ಕೂತ ಅನೀಸ ಆ ಪುಟದ ಸಣ್ಣಕ್ಷರಗಳನ್ನು ತಲೆಕೆಳಗಾಗಿ ಓದಿದ, ಮತ್ತೆ ಓದಿದ, ನೋಡಲು ಬೇರೇನೂ ಇಲ್ಲದ್ದಕ್ಕೆ ಮತ್ತೂ ಓದಿದ. ಹೊರಗೆ ಬಂದಾಗ ರವಿಶಂಕರ ಪಾಸ್‌ಪೋರ್ಟನ್ನು ತನ್ನ ಕೋಟಿನ ಒಳಜೇಬಿಗೆ ಹಾಕಿಕೊಂಡು, 'ಇದು ನನ್ಹತ್ರಾನೇ ಇರ್ಲಿ, ಸೇಫಾಗಿರತ್ತೆ,' ಎಂದ. ಅನೀಸ 'ಥ್ಯಾಂಕ್ಸ್ ಅಂಕಲ್' ಎಂದ. ಆ ಥ್ಯಾಂಕ್ಸ್ ಈಗಲೂ ಸಿಗ್ನಲ್ಲುಗಳಲ್ಲಿ ಕಾರು ನಿಂತಾಗ ಅವನಿಗೆ ಕೇಳಿಸುತ್ತಿತ್ತು.

ರವಿಶಂಕರನ ಮನೆ ಹೊಸ ಸಬ್‌ಡಿವಿಷನ್ನಿನಲ್ಲಿತ್ತು. ಗಿಡಗಳು ಇನ್ನೂ ಮೊಣಕಾಲೆತ್ತರ. ಬಾಗಿಲು ತೆಗೆದ ಅವನ ಹೆಂಡತಿ ಸ್ವರೂಪ ಆಂಟಿ, 'ಬನ್ನಿ ಬನ್ನಿ, ಎಲ್ಲಾ ಕೆಳಗಿದಾರೆ, ಬಜ್ಜಿ ತಣ್ಣಗಾಗತ್ತೆ,' ಎಂದಳು. ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವ ಮೊದಲೇ ಕೆಳಗಿನಿಂದ ದನಿ ಬಂತು.

'ಏನೋ ಕೆನಡಾ ಸಾಹೇಬ, ದಾರಿ ಸಿಕ್ತಾ?'

'ಸಿಕ್ತು ಅಂಕಲ್.'

'ಎರಡೇ ಎಕ್ಸಿಟ್ಟು ಮಾರಾಯ. ಅಷ್ಟರಲ್ಲಿ ಯಾವ್ದಾದ್ರೂ ದೇಶ ಬಂದ್‌ಬಿಟ್ರೆ ಅಂತ ನಾನು ಫೋನ್ ಪಕ್ಕದಲ್ಲೇ ಕೂತಿದ್ದೆ.'

ನಿಂಗಪ್ಪ, ಪ್ರಕಾಶ್ ನಕ್ಕರು. ಇಬ್ಬರೂ ರವಿಶಂಕರನ ಕಂಪನಿಯವರೇ. ಅವರ ಪಾಸ್‌ಪೋರ್ಟುಗಳೂ ಅದೇ ಕಟ್ಟಿನಲ್ಲಿದ್ದವು. ಆದ್ದರಿಂದ ತುಸು ಜೋರಾಗಿಯೇ ನಕ್ಕರು. ಮೇ ತಿಂಗಳಿಂದ ಪ್ರತಿ ಭಾನುವಾರ ಈ ಕತೆ ನಡೆಯುತ್ತಿತ್ತು, ಪ್ರತಿ ಸಲ ಸ್ವಲ್ಪ ಬೆಳೆಯುತ್ತಿತ್ತು. ಈಗ ಅದರಲ್ಲಿ ಅನೀಸ ಅಧಿಕಾರಿಯ ಮುಂದೆ ಅತ್ತಿದ್ದ. ಅತ್ತಿರಲಿಲ್ಲ. ಆದರೆ ಅಳಲಿಲ್ಲ ಅಂಕಲ್ ಎಂದು ಹೇಳುವುದು ಅತ್ತಿದ್ದಕ್ಕಿಂತ ಕಡೆ. ಕಂಪನಿ ಸೇರಿದ ಮೊದಲ ದಿನವೇ ರವಿಶಂಕರ ಅವನ ಹೆಗಲ ಮೇಲೆ ಕೈಹಾಕಿ, 'ಸರ್ ಗಿರ್ ಎಲ್ಲ ಅಮೆರಿಕನ್ನರ ಮುಂದೆ. ನಾವೆಲ್ಲ ಕನ್ನಡದೋರು. ಅಂಕಲ್ ಅನ್ನು,' ಎಂದಿದ್ದ. ಅದು ಎಂಥ ಬಲೆ ಎಂದು ತಿಳಿಯಲು ಅನೀಸನಿಗೆ ವರ್ಷ ಹಿಡಿಯಿತು. ಸರ್ ಅಂದವನ ಹತ್ತಿರ ಸಂಬಳ ಯಾಕೆ ತಡವಾಯಿತು ಎಂದು ಕೇಳಬಹುದು. ಅಂಕಲ್ ಅಂದವನ ಮನೆಯ ಬಜ್ಜಿ ತಿನ್ನುತ್ತ ಏನನ್ನು ಕೇಳಿದರೂ ಕೃತಘ್ನತೆ.

ಹಸಿರು ಬಟ್ಟೆ ಹೊದಿಸಿದ ಮೇಜಿನ ಸುತ್ತ ಕೂತರು. ರವಿಶಂಕರ ಎಲೆ ಕಲೆಸಿದ. ಮೂರೆಲೆಯ ಆಟ. ಮನೆಯಲ್ಲಿ ದುಡ್ಡಿಟ್ಟು ಆಡಕೂಡದೆಂದು ಸ್ವರೂಪ ಆಂಟಿ ಆಣೆ ಹಾಕಿಸಿದ್ದರಿಂದ ರಾಜ್ಮಾ ಕಾಳು ಇಟ್ಟು ಆಡುತ್ತಿದ್ದರು. ಶೇಂಗಾ ಬೆಣ್ಣೆಯ ಹಳೆಯ ಡಬ್ಬಿಯಿಂದ ಒಬ್ಬೊಬ್ಬರಿಗೂ ಒಂದೊಂದು ಹಿಡಿ. ಕಾಳು ಸೋಲುವುದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೂ ರವಿಶಂಕರನ ಎದುರು ಗೆದ್ದವರ ಮುಂದಿನ ವಾರ ಚೆನ್ನಾಗಿರುತ್ತಿರಲಿಲ್ಲವಾದ್ದರಿಂದ ಯಾರೂ ಗೆಲ್ಲುತ್ತಿರಲಿಲ್ಲ. ಒಳ್ಳೆಯ ಎಲೆ ಬಂದರೂ ನಿಂಗಪ್ಪ ಬಿಸಾಕುತ್ತಿದ್ದುದನ್ನು ಅನೀಸ ಎಷ್ಟೋ ಸಲ ನೋಡಿದ್ದ. ತಾನೂ ಬಿಸಾಕಿದ್ದ. ರಾಯಚೂರಿನ ಹಾಸ್ಟೆಲಿನಲ್ಲಿ ಮೆಸ್ಸಿನ ಬಿಲ್ಲನ್ನು ಇಸ್ಪೀಟಿನಲ್ಲೇ ಕಟ್ಟಿದ ಅನೀಸ, ಎಲೆ ನೋಡದೆ ಎದುರಿನವನ ಕುತ್ತಿಗೆ ನೋಡಿ ಆಡುತ್ತಾನೆಂದು ಸೀನಿಯರುಗಳೂ ಹೆದರುತ್ತಿದ್ದ ಅನೀಸ, ಇಲ್ಲಿ ರಾಜನ ಜೋಡಿಯನ್ನು ಕವುಚಿ ಹಾಕಿ 'ಪ್ಯಾಕ್ ಅಂಕಲ್' ಎನ್ನುತ್ತಿದ್ದ.

ಹೊಸದಾಗಿ ಬಂದವರಿಗೆ ರವಿಶಂಕರ ನಿಯಮ ಹೇಳಿಕೊಡುವ ರೀತಿ ಹೀಗಿತ್ತು: 'ಎಲೆ ನೋಡ್ದೆ ಆಡೋನು ಬ್ಲೈಂಡು. ನೋಡಿ ಆಡೋನು ಅವನ ಎರಡರಷ್ಟು ಹಾಕ್ಬೇಕು. ಇಬ್ರೇ ಉಳಿದಾಗ, ನೋಡಿದೋನು ಬ್ಲೈಂಡ್ ಆಡೋನ್ನ ಎಲೆ ಬಿಚ್ಚು ಅಂತ ಶೋ ಕೇಳೋ ಹಾಗಿಲ್ಲ. ಯಾಕೆ? ಅವನಿಗೆ ಧೈರ್ಯ ಇದೆ, ನಿಂಗಿಲ್ಲ. ಅಷ್ಟೇ.' ಕಳೆದ ವಾರವಷ್ಟೇ, ಗೊತ್ತಿಲ್ಲದೆ ಶೋ ಕೇಳಿದ ನಿಂಗಪ್ಪನಿಗೆ ಇದನ್ನು ಎದ್ದುನಿಂತು ಎಲ್ಲರೆದುರು ಮೂರು ಬಾರಿ ಹೇಳಿಸಿದ್ದ.

ಮೊದಲ ಕೆಲವು ಆಟ ಎಂದಿನಂತೆ ನಡೆದವು. ಟಿವಿಯಲ್ಲಿ ಫುಟ್‌ಬಾಲ್ ಓಡುತ್ತಿತ್ತು, ಊರಿನ ತಂಡ ಸೋಲುತ್ತಿತ್ತು. ಅನೀಸ ಬಜ್ಜಿ ತಿನ್ನುತ್ತಿದ್ದ, ಅದರ ರುಚಿ ತಿಳಿಯುತ್ತಿರಲಿಲ್ಲ. ಈಗ ಕೇಳಲೇ, ಈ ಎಲೆ ಮುಗಿದ ಮೇಲೆ ಕೇಳಲೇ. ಕೇಳಿದರೆ ನಾಳೆ ಎಲ್ಲಿಗೆ ಎನ್ನುತ್ತಾನೆ. ಸುಳ್ಳು ಹೇಳಿದರೆ ಮುಖ ನೋಡಿ ತಿಳಿದುಕೊಳ್ಳುತ್ತಾನೆ. ರವಿಶಂಕರನ ಕುತ್ತಿಗೆ ನೋಡಿದ. ಒಳ್ಳೆಯ ಎಲೆ ಬಂದಾಗ ಅವನು ಕೊರಳ ಸರವನ್ನು ಶರ್ಟಿನೊಳಗೆ ಸರಿಸಿಕೊಳ್ಳುತ್ತಿದ್ದ. ಅದನ್ನು ಅನೀಸ ಮೊದಲ ಭಾನುವಾರವೇ ಕಂಡುಕೊಂಡಿದ್ದ, ಉಪಯೋಗಿಸಿರಲಿಲ್ಲ.

ಮುಂದಿನ ಆಟದಲ್ಲಿ ರವಿಶಂಕರ ಎಲೆ ಎತ್ತಿ ನೋಡಿದ, ಸರ ಸರಿಸಿಕೊಂಡ. ಪ್ರಕಾಶ್ ಪ್ಯಾಕ್ ಮಾಡಿದ. ನಿಂಗಪ್ಪ ಮಾಡಿದ. ಶರಣಪ್ಪನೂ ಎಲೆ ಕವುಚಿದ. ಅನೀಸನ ಮೂರು ಎಲೆಗಳು ಹಾಗೇ ಬಿದ್ದಿದ್ದವು, ಅವನು ಮುಟ್ಟಿರಲಿಲ್ಲ.

'ಬ್ಲೈಂಡ್,' ಎಂದು ಕಾಳು ತಳ್ಳಿದ.

'ಓಹೋ,' ಎಂದು ರವಿಶಂಕರ ಎರಡರಷ್ಟು ತಳ್ಳಿದ. 'ಸಾಹೇಬ್ರಿಗೆ ಇವತ್ತು ಸೇತುವೆ ಹತ್ತೋ ಮೂಡು.'

'ಬ್ಲೈಂಡ್.'

ಮತ್ತೆ ಎರಡರಷ್ಟು. ಮತ್ತೆ ಬ್ಲೈಂಡ್. ರವಿಶಂಕರನ ರಾಶಿ ಬೇಗ ಕರಗುತ್ತಿತ್ತು, ಅನೀಸನದು ನಿಧಾನ. ನಗು ನಿಂತಿತು. ಪ್ರಕಾಶ್ ಟಿವಿ ನೋಡುವುದನ್ನು ಬಿಟ್ಟ. ಕೊನೆಗೆ ರವಿಶಂಕರನ ಮುಂದೆ ಬಟ್ಟೆ ಮಾತ್ರ ಉಳಿಯಿತು. ಡಬ್ಬಿಗೆ ಕೈ ಹಾಕಿದ, ಅದೂ ಖಾಲಿ.

'ಆಯ್ತು ಬಿಡು, ಶೋ ಮಾಡು,' ಎಂದ.

'ನೋಡಿದೋರು ಕೇಳೋ ಹಾಗಿಲ್ಲ ಅಂಕಲ್.' ಅನೀಸನಿಗೆ ತನ್ನ ದನಿ ಹಾಸ್ಟೆಲಿನ ದನಿಯಂತೆ ಕೇಳಿತು. 'ಕಾಳು ಹಾಕ್ಬೇಕು. ಇಲ್ಲಾ ಪ್ಯಾಕ್ ಮಾಡ್ಬೇಕು. ನಿಂಗಪ್ಪನ್ನ ಕೇಳಿ ಬೇಕಾದ್ರೆ, ಅವನಿಗೆ ಬಾಯಿಪಾಠ ಆಗಿದೆ.'

ನಿಂಗಪ್ಪ ತನ್ನ ಕಾಲ್ಚೀಲ ನೋಡಿಕೊಂಡ. ರವಿಶಂಕರನ ಕಿವಿಯ ಹಿಂದೆ ಕೆಂಪೇರಿತು. 'ಕಾಳು ಮುಗೀತಲ್ಲೋ. ಏನ್ ಹಾಕ್ಲಿ, ಮನೆ ಹಾಕ್ಲಾ?'

'ಮನೆ ಯಾಕೆ ಅಂಕಲ್. ಬೆಲೆ ಇಲ್ಲದ್ದೇನಾದ್ರೂ ಹಾಕಿ. ನನ್ನ ಪಾಸ್‌ಪೋರ್ಟ್ ಹಾಕಿ.'

ಪ್ರಕಾಶ್ ನಕ್ಕುಬಿಟ್ಟ. ನಕ್ಕ ಮೇಲೆ ಹೆದರಿದ. ರವಿಶಂಕರ ತನ್ನ ಎಲೆಗಳನ್ನು ಇನ್ನೊಮ್ಮೆ ಎತ್ತಿ ನೋಡಿದ, ಮತ್ತೆ ಸರಕ್ಕೆ ಕೈ ಹೋಯಿತು.

'ನೀನು ಸೋತ್ರೆ?'

'ಇನ್ನೆರಡು ವರ್ಷ ನಿಮ್ಹತ್ರಾನೇ ಇರ್ತೀನಿ. ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ, ಎಷ್ಟು ಕೊಟ್ರೂ ತಗೋತೀನಿ.'

'ಎಲ್ರೂ ಕೇಳಿಸಿಕೊಂಡ್ರೇನ್ರೋ,' ಎಂದು ರವಿಶಂಕರ ಎದ್ದ. ಮೆಟ್ಟಿಲು ಹತ್ತುವ ಸದ್ದು, ತಲೆಯ ಮೇಲೆ ನಡೆಯುವ ಸದ್ದು. ಟಿವಿಯಲ್ಲಿ ಜನ ಒಮ್ಮೆಲೇ ಕೂಗಿದರು, ನಿಂಗಪ್ಪ ಪ್ರಕಾಶ್ ಇಬ್ಬರೂ ಅತ್ತ ತಿರುಗಿದರು. ಎರಡು ವರ್ಷ. ಬಾಯಿಂದ ಹೇಗೆ ಬಂತು ಅದು. ಹಾಸ್ಟೆಲಿನಲ್ಲಿ ಅವನೆಂದೂ ಬ್ಲೈಂಡ್ ಆಟದ ನಡುವೆ ಎಲೆ ನೋಡಿದವನಲ್ಲ; ನೋಡದೆ ಇರುವುದೇ ಅವನ ಬಲ, ನೋಡಿದವನ ಕುತ್ತಿಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಮೇಲೆ ಡ್ರಾಯರ್ ಎಳೆದ ಸದ್ದಾಯಿತು. ಅನೀಸನ ಹೆಬ್ಬೆರಳು ತಾನಾಗಿ ಹೋಗಿ ಎಲೆಗಳ ಮೂಲೆ ಎತ್ತಿತು. ಕಳಾವರ್ ಎರಡು. ಆಟೀನ್ ಐದು. ಡೈಮಂಡ್ ಒಂಬತ್ತು. ಇದಕ್ಕಿಂತ ಬರಿದಾದ ಕೈ ಸಿಗುವುದು ಕಷ್ಟ. ಮೂಲೆ ಬಿಟ್ಟು ತಲೆ ಎತ್ತಿದಾಗ ಪಕ್ಕದಲ್ಲಿ ಕೂತ ಶರಣಪ್ಪ ಅವನ ಹೆಬ್ಬೆರಳನ್ನೇ ನೋಡುತ್ತಿದ್ದ. ಅನೀಸನಿಗೆ ಬೆನ್ನು ಬೆವೆತು ಶರ್ಟು ಅಂಟಿಕೊಂಡಿತು, ಗಡಿಯ ಆ ಕೋಣೆಯಲ್ಲಿ ಕೂತಾಗ ಅಂಟಿಕೊಂಡಿದ್ದ ಹಾಗೆ. ಹಾಗೆಂದುಕೊಂಡದ್ದೇ ತಡ, ಆ ಕೋಣೆಯ ಮೇಜು, ಮೇಜಿನ ಮೇಲೆ ತೆರೆದಿದ್ದ ಪುಟ, ಪುಟದ ಸಣ್ಣಕ್ಷರಗಳು ಕಣ್ಣಮುಂದೆ ಬಂದವು. ಈ ಸಲ ನೆಟ್ಟಗೆ.

ರವಿಶಂಕರ ಬಂದು ಕಡುನೀಲಿ ಪುಸ್ತಿಕೆಯನ್ನು ಕಾಳಿನ ರಾಶಿಯ ಮೇಲೆ ಎಸೆದ. ಹಿಂದೆಯೇ ಚಹಾದ ತಟ್ಟೆ ಹಿಡಿದು ಸ್ವರೂಪ ಆಂಟಿಯೂ ಇಳಿದಳು. 'ಈಗ ಮಾತಾಡು.'

ಅನೀಸ ಪಾಸ್‌ಪೋರ್ಟ್ ಎತ್ತಿಕೊಂಡು ಹಿಂಬದಿಯ ಪುಟ ತೆರೆದ. ಬಿಳಿ ಚೀಟಿ ಒಳಗೇ ಇತ್ತು. 'ಅಂಕಲ್, ಇಲ್ಲಿ ಏನೋ ಬರ್ದಿದಾರೆ. ಈ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು ಅಂತ. ನಂದೂ ಅಲ್ಲ, ನಿಮ್ದೂ ಅಲ್ಲ. ಬೇರೆಯವ್ರ ಸ್ವತ್ತನ್ನ ಪಣಕ್ಕಿಡೋದು ಹೇಗೆ? ನಿಮ್ಮ ಪಣ ಬೀಳಲೇ ಇಲ್ಲ ಅಂದ್ಮೇಲೆ ನನ್ನ ಎರಡು ವರ್ಷಾನೂ ಬೀಳ್ಲಿಲ್ಲ. ಆಟ ಕಾಳಿಂದು, ಕಾಳು ನೀವೇ ತಗೊಳ್ಳಿ. ನಾನು ಪ್ಯಾಕ್.' ಎಲೆಗಳನ್ನು ಕವುಚಿದಂತೆಯೇ ಮುಂದೆ ತಳ್ಳಿ, ಪಾಸ್‌ಪೋರ್ಟನ್ನು ಶರ್ಟಿನ ಜೇಬಿಗೆ ಹಾಕಿಕೊಂಡ. 'ಇದನ್ನ ಸರ್ಕಾರದ ಪರವಾಗಿ ನಾನೇ ಇಟ್ಕೋತೀನಿ. ಫೋಟೋ ನಂದೇ ಇದೆ.'

ಈ ಸಲ ಸ್ವರೂಪ ಆಂಟಿಗೆ ಮೊದಲು ನಗು ಬಂತು. ನಿಂಗಪ್ಪನಿಗೂ ಬಂತು. ರವಿಶಂಕರ ತನ್ನ ಎಲೆ ಬಿಚ್ಚಿಹಾಕಿದ: ಎಕ್ಕ, ರಾಜ, ರಾಣಿ, ಮೂರೂ ಇಸ್ಪೀಟು. ಅದನ್ನು ಯಾರೂ ನೋಡಲಿಲ್ಲ. ಅವನು ಕೈಚಾಚಿ ಅನೀಸನ ಎಲೆಗಳನ್ನು ಮಗುಚಿದ. ಎರಡು, ಐದು, ಒಂಬತ್ತು. ಅವುಗಳನ್ನೇ ಸ್ವಲ್ಪ ಹೊತ್ತು ನೋಡಿದ. ಮೂರ್ಖನಾಗಿದ್ದರೆ ಅವನು ಕಂಪನಿ ಕಟ್ಟುತ್ತಿರಲಿಲ್ಲ.

'ಬ್ಲೈಂಡ್ ಆಡೋನು ಎಲೆ ನೋಡ್ದೆ ಪ್ಯಾಕ್ ಮಾಡ್ತಾನೇನೋ?' ಮೆಲ್ಲಗೆ ಕೇಳಿದ. 'ಇಷ್ಟು ದೂರ ಬಂದೋನು ಒಂದು ಸಲ ಶೋ ಕೇಳ್ಬೇಕು ಅನ್ಸಲ್ವಾ? ನೀನು ನೋಡಿದೀಯ. ನಾನು ಮೇಲೆ ಹೋದಾಗ ನೋಡಿದೀಯ. ನೋಡಿ ಬ್ಲೈಂಡ್ ಅಂದೋನು ಮೋಸಗಾರ. ಮೋಸಗಾರನ ಪಣ ಎಲ್ಲಾ ಎದುರಾಳಿಗೆ. ಪಾಸ್‌ಪೋರ್ಟ್ ಇಲ್ಲಿಡು.'

'ನೋಡಿಲ್ಲ ಅಂಕಲ್.'

'ನಿನ್ನ ಮಾತು ಬೇಡ.' ಶರಣಪ್ಪನ ಕಡೆ ತಿರುಗಿದ. 'ನೀನು ಪಕ್ಕದಲ್ಲೇ ಇದ್ದೆ. ನೀನು ಸುಳ್ಳು ಹೇಳೋ ಪೈಕಿ ಅಲ್ಲ. ಲಿಂಗ ಮುಟ್ಟಿ ಹೇಳು. ಇವನು ಎಲೆ ನೋಡಿದ್ನಾ?'

'ರೀ, ಆಟಕ್ಕೆಲ್ಲ ಅದನ್ನ ಯಾಕೆ ತರ್ತೀರಿ,' ಎಂದಳು ಸ್ವರೂಪ ಆಂಟಿ.

'ಸುಮ್ನಿರು ನೀನು.'

ಪ್ರಕಾಶ್ ಟಿವಿಯ ಸದ್ದು ಆರಿಸಿದ. ಏನು ಮಾಡಬೇಕಿತ್ತೆಂದು ಅನೀಸನಿಗೆ ಗೊತ್ತಿತ್ತು: ನೋಡಿದೆ ಎಂದು ತಾನೇ ಹೇಳಬೇಕಿತ್ತು, ಎದ್ದು ನಿಂತು, ಶರಣಪ್ಪನ ಕೈ ಮೇಲೇಳುವ ಮುಂಚೆ. ಜೇಬಿನಲ್ಲಿ ಪಾಸ್‌ಪೋರ್ಟು ಎದೆಗೆ ಒತ್ತುತ್ತಿತ್ತು. ಶರಣಪ್ಪ ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಕೈ ಒಳಗೆ ಹಾಕಿದ. ಕರಡಿಗೆಯನ್ನು ಹಿಡಿದ ಮುಷ್ಟಿ ಬಟ್ಟೆಯ ಕೆಳಗೆ ಉಬ್ಬಿ ಕಂಡಿತು.

'ನೋಡಿಲ್ರಿ.'

'ಯಾರು? ಅವನು ಎಲೆ ನೋಡಿಲ್ವೋ, ನೀನು ಅವನನ್ನ ನೋಡಿಲ್ವೋ?'

'ನೋಡಿಲ್ರಿ,' ಶರಣಪ್ಪ ಇನ್ನೊಮ್ಮೆ ಅಂದ.

ಆ ಮಾತಿನಲ್ಲಿ ನಾನೂ ಇಲ್ಲ, ಅವನೂ ಇಲ್ಲ. ಯಾರು ಯಾರನ್ನು ಎಂದು ಅದರಿಂದ ಹೊರಡಿಸಲು ಬರುವುದಿಲ್ಲ. ರವಿಶಂಕರ ಇನ್ನೂ ಕೇಳುತ್ತಿದ್ದನೇನೋ, ಆದರೆ ಹೆಂಡತಿ ಚಹಾದ ತಟ್ಟೆಯನ್ನು ಎಲೆಗಳ ಮೇಲೆಯೇ ಇಟ್ಟು, 'ಮುಟ್ಟಿ ಹೇಳಿದ್ಮೇಲೆ ಮುಗೀತು,' ಎಂದಳು. ಎಲ್ಲರೂ ಚಹಾ ಕುಡಿದರು. ಊಟದ ಮಾತು ಯಾರೂ ಎತ್ತಲಿಲ್ಲ.

ಕಾರಿನಲ್ಲಿ ಅನೀಸನಿಗೆ ಸುಮ್ಮನಿರಲು ಆಗಲಿಲ್ಲ. ರವಿಶಂಕರನ ಮುಖ ಹೇಗಾಗಿತ್ತು, ನಿಂಗಪ್ಪ ಹೇಗೆ ನಕ್ಕ, ಎಕ್ಕ ರಾಜ ರಾಣಿ ಇಟ್ಟುಕೊಂಡು ಕೂತಿದ್ದನಲ್ಲ ಪಾಪ. ಶರಣಪ್ಪನ ಶರ್ಟಿನ ಗುಂಡಿ ಇನ್ನೂ ಬಿಚ್ಚಿಯೇ ಇತ್ತು. ಹಸಿರು ಬೋರ್ಡು ಬಂತು, ಹೋಯಿತು. ಅನೀಸನ ಕೈ ಬಿಗಿಯಲಿಲ್ಲ, ಅದನ್ನು ಗಮನಿಸಿ ಅವನಿಗೇ ನಾಚಿಕೆಯಾಯಿತು.

'ನಾ ಎಲಿ ನೋಡೀನಿ ಅಂತ ನೀ ಹೇಳ್ಬೇಕಿತ್ತಲೇ,' ಕೊನೆಗೆ ಅನೀಸ ಅಂದ. 'ನಾ ಏನೂ ಅನ್ತಿದ್ದಿಲ್ಲ.'

'ನೀನ ಹೇಳ್ಬೇಕಿತ್ತು.'

ಸ್ವಲ್ಪ ದೂರ ಹೋದ ಮೇಲೆ ಶರಣಪ್ಪ ಕಿಟಕಿಯ ಕಡೆ ತಿರುಗಿಯೇ ಹೇಳಿದ. 'ಅದ ಡ್ರಾಯರ್‌ನಾಗ ನಂದೂ ಇತ್ತು.'

ನಿಜ ಏನೆಂದರೆ, ಆ ಹೊತ್ತಿನಲ್ಲಿ ಅನೀಸನಿಗೆ ಅದು ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅನೀಸ ಎದ್ದಾಗ ಮೂಲೆಯಲ್ಲಿ ಟವೆಲ್ ಹಾಸಿರಲಿಲ್ಲ. ಶರಣಪ್ಪ ಸೋಫಾದ ಮೇಲೆ ಕೂತು ಹವಾಮಾನದ ವರದಿ ನೋಡುತ್ತಿದ್ದ, ಸದ್ದು ಜೋರಾಗಿತ್ತು, ಹಣೆ ಬೋಳಾಗಿತ್ತು. ಅನೀಸ ಅಭ್ಯಾಸದಂತೆ ಚಹಾದ ಪಾತ್ರೆಯನ್ನು ಸದ್ದಾಗದಂತೆ ಇಟ್ಟ, ಆಮೇಲೆ ಯಾಕೆಂದು ಅರ್ಥವಾಗದೆ ಅಲ್ಲೇ ನಿಂತ. ಸೌತ್‌ಫೀಲ್ಡಿನ ಹೆಂಗಸು ಪಾಸ್‌ಪೋರ್ಟಿನ ಪುಟಗಳನ್ನು ಪ್ರತಿ ಮಾಡಿಕೊಂಡು, ನಗುತ್ತ ವಾಪಸು ಕೊಟ್ಟಳು. ಆ ವಾರ ಮುಗಿಯುವುದರೊಳಗೆ ರವಿಶಂಕರ ತಾನೇ ಅಪಾರ್ಟ್‌ಮೆಂಟಿಗೆ ಬಂದು ಶರಣಪ್ಪನ ಪಾಸ್‌ಪೋರ್ಟನ್ನು ಅವನ ಕೈಗೆ ಕೊಟ್ಟ. ಪ್ರಾಜೆಕ್ಟ್ ಇಲ್ಲಪ್ಪ, ಮಾರ್ಕೆಟ್ಟೇ ಬಿದ್ದುಹೋಗಿದೆ, ಏನ್ಮಾಡ್ಲಿ ಹೇಳು ಎಂದ. ಪಾಸ್‌ಪೋರ್ಟಿನೊಳಗೆ ಊರಿಗೆ ಹೋಗುವ ವಿಮಾನದ ಟಿಕೆಟ್ಟು ಮಡಚಿಟ್ಟಿತ್ತು, ಹೋಗುವುದಕ್ಕೆ ಮಾತ್ರ. ಕೆಲಸ ಹೋದರೆ ವೀಸಾವೂ ಹೋದಂತೆ. ಶರಣಪ್ಪ 'ಥ್ಯಾಂಕ್ಸ್ ಅಂಕಲ್' ಎಂದ. ಅನೀಸ ಅಡಿಗೆಮನೆಯಲ್ಲಿದ್ದ, ಹೊರಗೆ ಬರಲಿಲ್ಲ.

ಏರ್‌ಪೋರ್ಟಿಗೆ ಅನೀಸನೇ ಬಿಟ್ಟುಬಂದ. ದಾರಿ ತಪ್ಪಲಿಲ್ಲ. ಅವನಿಗೆ ಪಾಸ್‌ಪೋರ್ಟ್ ಬಂದಿತ್ತು, ಹೊಸ ಕೆಲಸ ಬಂದಿತ್ತು. ಹೋದದ್ದು ಒಂದು ಡಬ್ಬಿ ರಾಜ್ಮಾ ಕಾಳು, ಒಂದು ಭಾನುವಾರದ ಊಟ, ಶರಣಪ್ಪನ ಕೆಲಸ, ಶರಣಪ್ಪನ ಬೆಳಗಿನ ಪೂಜೆ, ಶರಣಪ್ಪ.